ಕೋಡಿಯ ಕುಶಾಲು

ರಾಣೆಬೆನ್ನೂರು ಬಿಡುವಾಗ ಮೈಮೇಲೆ ಸ್ವೆಟರ್ ಇತ್ತು. ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ, ಹೊಸನಗರ ದಾಟಿ, ಬಾಳೆಬರೆ ಘಾಟಿ ಇಳಿದು ಸಿದ್ದಾಪುರ ಮುಟ್ಟುವ ಹೊತ್ತಿಗೆ ಅದು ಚೀಲದ ತಳ ಸೇರಿತ್ತು. ಮಾಘ ಇನ್ನೂ ಮುಗಿದಿರಲಿಲ್ಲ, ಆದರೂ ಘಟ್ಟದ ಕೆಳಗೆ ಸೆಕೆ ಶುರುವಾಗಿತ್ತು. ಘಾಟಿಯ ತಿರುವಿನಲ್ಲಿ ನನ್ನ ಮುಂದಿನ ಸೀಟಿನ ಕಾಲೇಜು ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡಳು. ಅವಳ ಗೆಳತಿಯರು ಬಿದ್ದು ಬಿದ್ದು ನಕ್ಕರು, ಒಬ್ಬಳು ಫೋನಿನಲ್ಲಿ ವಿಡಿಯೋ ಕೂಡ ತೆಗೆದಳು. ಸ್ವಲ್ಪ ಹೊತ್ತಿನ ಮೇಲೆ ವಾಂತಿ ಮಾಡಿದವಳೂ ಅದನ್ನು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಮನೆಯಲ್ಲಿ ನನ್ನನ್ನು ಹುಣಸೆಹಣ್ಣಿನ ಮುಖದವನು ಎನ್ನುತ್ತಾರೆ, ಹಾಗಾಗಿ ನನ್ನ ಮಾತು ಬಿಡಿ.

ಪ್ರವಾಸದ ಹುಚ್ಚು ನನಗಿಲ್ಲ. ಬೀಜದ ಅಂಗಡಿ ಬಿಟ್ಟು ಮೂರು ದಿನ ಹೊರಗಿರುವುದೆಂದರೆ ಮೈಮೇಲೆ ಮುಳ್ಳು ಎದ್ದಂತಾಗುತ್ತದೆ. ಆದರೆ ಕುಂದಾಪುರದ ಪಕ್ಕದ ಕೋಡಿ ಎಂಬ ಊರಿನ ಶೀನ ಫೋನ್ ಮಾಡಿ, "ಒಂದ್ಸಲ ಬಾ ಮರಾಯ. ನೀ ಹೇಳಿರೆ ಅವ್ಳ್ ಕೇಂತಳ್" ಎಂದಿದ್ದ. ಅವಳು ಎಂದರೆ ಅವನ ಹೆಂಡತಿ ಗುಲಾಬಿ. ಮನೆ ಬಿಟ್ಟು ಬೈಂದೂರಿನ ತವರಿಗೆ ಹೋಗಿ ತಿಂಗಳುಗಳೇ ಆಗಿದ್ದವು. ಹಿಂದೆ ಮುಂಬೈಯಲ್ಲಿ ನಾನು ಬಟ್ಟೆ ಅಂಗಡಿಯಲ್ಲಿ, ಶೀನ ಹೋಟೆಲಿನಲ್ಲಿ ದುಡಿಯುತ್ತ ಒಂದೇ ಕೋಣೆಯಲ್ಲಿ ಇದ್ದವರು. ಅವನು ಮದುವೆಯಾಗಿ ಬೇರೆ ಖೋಲಿ ಹಿಡಿದ ಮೇಲೂ ಎರಡು ವರ್ಷ ಗುಲಾಬಿಯ ಕೈಯ ಅನ್ನವನ್ನೇ ಉಂಡವನು ನಾನು. ಅವಳು ನನ್ನನ್ನು ಅಣ್ಣ ಎನ್ನುತ್ತಾಳೆ. ಆ ಅನ್ನದ ಋಣ ನನ್ನನ್ನು ಬಸ್ಸು ಹತ್ತಿಸಿತು.

ಅವಳು ಮನೆ ಬಿಟ್ಟ ಕಾರಣವನ್ನು ನಮ್ಮೂರಿನ ಅರ್ಧ ಜನ ನೋಡಿದ್ದಾರೆ, ಅದು ಕಾರಣವೆಂದು ಅವರಿಗೆ ಗೊತ್ತಿಲ್ಲ ಅಷ್ಟೆ. ಕಳೆದ ಮಳೆಗಾಲದಲ್ಲಿ ಶೀನ ಹೋಗಿದ್ದ ನಾಡದೋಣಿ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಶೀನ ಸಿಗಲಿಲ್ಲ. ಗುಲಾಬಿ ಕೋಡಿಯ ದಡದಲ್ಲಿ ಕೂತು ಅಳುತ್ತಿದ್ದಾಗ ಟೀವಿಯವನೊಬ್ಬ ಮೈಕು ಚಾಚಿ, "ನಿಮ್ಮ ಗಂಡನ ಹೆಸರೇನಮ್ಮ?" ಎಂದು ಕೇಳಿದ. ಅವಳು ಬಾಯಿ ತೆರೆದಳು, ಮುಚ್ಚಿದಳು. ಅವಳ ಮನೆತನದ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯಕ್ಕೆ ಕುತ್ತು ಎಂಬ ನಂಬಿಕೆ. ಮೈಕು ಮತ್ತೆ ಮೂಗಿನ ಹತ್ತಿರ ಬಂತು. ಅವಳು ಪಕ್ಕದಲ್ಲಿದ್ದ ನೆರೆಮನೆಯವನ ಕಡೆ ತಿರುಗಿ, "ಹ್ವಾಯ್ ಶೇಖರಣ್ಣ, ನೀವ್ ಹೇಳಿ" ಎಂದಳು. ಶೇಖರ ಗಾಬರಿಯಲ್ಲಿ, ಊರವರು ಮೀನಿನ ಹೆಸರು ಸೇರಿಸಿ ಕರೆಯುವ ಅಡ್ಡಹೆಸರನ್ನೇ ಹೇಳಿಬಿಟ್ಟ: "ಬಂಗುಡೆ ಶೀನ." ಶ್ರೀನಿವಾಸ ಎಂಬ ಪೂರ್ತಿ ಹೆಸರು ಅವನಿಗೂ ಆಗ ನೆನಪಾಗಲಿಲ್ಲವಂತೆ. ಟೀವಿಯ ಕೆಳಪಟ್ಟಿಯಲ್ಲಿ ‘ಬಂಗುಡೆ ಶೀನ ನಾಪತ್ತೆ’ ಎಂದು ಕತ್ತಲಾಗುವವರೆಗೂ ಓಡಿತು.

ಶೀನ ಸಾಯಲಿಲ್ಲ. ತೇಲುತ್ತಿದ್ದ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ತಬ್ಬಿಕೊಂಡಿದ್ದವನನ್ನು ಬೇರೆ ಬೋಟಿನವರು ಮೇಲೆತ್ತಿದರು, ಮರುದಿನ ಸಂಜೆ ಭಟ್ಕಳದಲ್ಲಿ ಇಳಿಸಿದರು. ಅವನು ಬದುಕಿ ಬಂದದ್ದೇ ತಡ, ಎಲ್ಲರಿಗೂ ನಗಲು ಪರವಾನಗಿ ಸಿಕ್ಕಂತಾಯಿತು. ಗುಲಾಬಿ ಬಾಯಿ ತೆರೆದು ಮುಚ್ಚುವ ತುಣುಕಿಗೆ ಯಾರೋ ಸಂಗೀತ ಅಂಟಿಸಿ ಫೋನುಗಳಿಗೆ ಹರಿಬಿಟ್ಟರು. ನಮ್ಮ ಅಂಗಡಿಯ ಆಳುಗಳು, ನನ್ನ ಅಳಿಯ, ಎಲ್ಲರೂ ನಕ್ಕರು. ಗಂಡನ ಹೆಸರೇ ಗೊತ್ತಿಲ್ಲದ ಹೆಂಗಸು ಎಂದು ಅವರ ನಗೆ. "ಆ ಹೆಣ್ಮಗಳು ನನಗ ಅನ್ನ ಹಾಕಿದಾಕಿ" ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅಪ್ಪನ ಹೆಸರು ಹೇಳುವ ಪ್ರಸಂಗ ಬಂದಾಗ ನನ್ನ ತಾಯಿ ನನ್ನನ್ನೇ ಮುಂದಕ್ಕೆ ನೂಕುತ್ತಿದ್ದಳು. ನಮ್ಮ ಕಡೆ ಮದುವೆಮನೆಯಲ್ಲಿ ಹೊಸ ಸೊಸೆ ಒಡಪು ಕಟ್ಟಿ ಗಂಡನ ಹೆಸರು ಹೇಳುವತನಕ ಬಾಗಿಲು ಬಿಡುವುದಿಲ್ಲ, ಹೇಳಿದ ಮೇಲೆ ನಗುತ್ತಾರೆ. ಇಲ್ಲಿ ಹೇಳಲಿಲ್ಲವೆಂದು ನಕ್ಕರು. ಅಜ್ಜಿಯರನ್ನು ಇಷ್ಟು ಬೇಗ ಮರೆತ ಜನಕ್ಕೆ ನಾನು ಏನು ಹೇಳಲಿ!

ಕುಂದಾಪುರದಲ್ಲಿ ಇಳಿದಾಗ ಮಧ್ಯಾಹ್ನ ಇಳಿದಿತ್ತು. ಕೋಡಿಗೆ ರಿಕ್ಷಾ ಹಿಡಿದೆ. ಡ್ರೈವರನಿಗೆ ವಿಳಾಸ ಹೇಳಬೇಕಾಗಲಿಲ್ಲ. "ಬಂಗುಡೆ ಶೀನನ ಮನೆಯಾ? ಅಂವ ಈಗ ದೊಡ್ಡ ಜನ ಮಾರ್ರೆ" ಎಂದು ಅವನೇ ಶುರು ಮಾಡಿದ. ಅವನು ನಕ್ಕದ್ದು ಗುಲಾಬಿಗಲ್ಲ. ಇಡೀ ರಾಜ್ಯ ನೋಡುವ ಟೀವಿಯಲ್ಲಿ ಬಂಗುಡೆ ಎಂದು ಬಂತಲ್ಲ, ಅದಕ್ಕೆ. "ಪೊಲೀಸ್ರೂ ಹಾಂಗೇ ಕೇಂಡ್ರಂಬ್ರ್, ಬಂಗುಡೆ ಅಂದ್ರೆ ಇನಿಷಿಯಲ್ಲಾ ಅಂದೇಳಿ!" ಎಂದು ಹ್ಯಾಂಡಲ್ ಬಿಟ್ಟು ತೊಡೆ ತಟ್ಟಿಕೊಂಡ. ಒಂದೇ ತುಣುಕು, ಘಟ್ಟದ ಮೇಲೆ ಒಂದು ನಗೆ, ಕೆಳಗೆ ಇನ್ನೊಂದು. ನಾನು ರಿಕ್ಷಾದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಶೀನ ದಪ್ಪಗಾಗಿದ್ದ. "ಬಾ ಬಾ, ನೆಗಿಯೇ ಇಲ್ದಿಪ್ಪ ಗಿರಾಕಿ ಬಂತ್!" ಎಂದು ನನ್ನ ಚೀಲ ಕಿತ್ತುಕೊಂಡ. ಮನೆ ಗುಡಿಸಿ ದಿನಗಳಾಗಿದ್ದವು. ಮೀನು ಮಾರಲು ಗುಲಾಬಿ ಹೊರುತ್ತಿದ್ದ ಬುಟ್ಟಿ ಜಗಲಿಯಲ್ಲಿ ಬೋರಲು ಬಿದ್ದಿತ್ತು. ಅವನೇ ಬೇಯಿಸಿದ ಗಂಜಿ, ಒಣಮೀನಿನ ಚಟ್ನಿ ಬಡಿಸಿದ. ಉಪ್ಪು ಹೆಚ್ಚಾಗಿತ್ತು. ಹಾಗೆಂದು ಹೇಳಿದ್ದಕ್ಕೆ, "ಕಡಲ್ ನೀರ್ ಕುಡ್ದ್ ಕುಡ್ದ್ ನಾಲ್ಗಿ ಸತ್ತ್ ಹೋಯ್ತ್" ಎಂದು ಕಣ್ಣು ಹೊಡೆದ. ಅವನ ಪ್ರತಿ ಮಾತಿನ ಬಾಲದಲ್ಲೂ ಒಂದು ಕುಶಾಲು ನೇತಾಡುತ್ತಿತ್ತು. ಕುಶಾಲು ಎಂದರೆ ಆ ಕಡೆಯವರ ತಮಾಷೆ.

ಸಂಜೆ ನಾನೊಬ್ಬನೇ ದಡಕ್ಕೆ ಹೋದೆ, ಶೀನ ಕೆಲಸವಿದೆಯೆಂದು ಬರಲಿಲ್ಲ. ಅಲ್ಲಿ ಶೇಖರ ಬಲೆಯ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಹೆಸರು ಹೇಳಿ ಕೆಡಿಸಿದವನು ತಾನೇ ಎಂದು ಪರಿಚಯ ಮಾಡಿಕೊಂಡ. ಶೀನ ಈಗ ಯಾವ ದೋಣಿಗೆ ಹೋಗುತ್ತಾನೆ ಎಂದು ವಿಚಾರಿಸಿದೆ.

"ದೋಣಿಗಾ? ಅಂವ ಆಮೇಲೆ ನೀರಿಗ್ ಕಾಲ್ ಹಾಕ್ಲಿಲ್ಲೆ. ಈ ದಡಕ್ಕೂ ಬತ್ತಿಲ್ಲೆ. ಕೇಂಡ್ರೆ ಒಂದ್ ಕುಶಾಲ್ ಹೇಳಿ ನೆಗ್ಯಾಡ್ಸಿ ಕಳ್ಸತ್ತ. ನಮ್ಗೂ ನೆಗಿ ಬತ್ತ್, ಮತ್ತೆಂತ ಕೇಣುದ್ ಹೇಳಿ?" ಎಂದು ಶೇಖರ ಬೀಡಿಯನ್ನು ಮರಳಿಗೆ ತುರುಕಿದ.

ಮರುದಿನ ಬ್ರಹ್ಮಾವರಕ್ಕೆ ಹೋಗಬೇಕಿತ್ತು. ಅಲ್ಲಿ ಟೆಂಪೋ ಚಾಲಕರ ಬಳಗವೊಂದರ ವಾರ್ಷಿಕ ಕೂಟ, ಶೀನನ ಕುಶಾಲು ಅದರ ವಿಶೇಷ. ಕುಂದಾಪುರದಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಚತುಷ್ಪಥದ ಹೆದ್ದಾರಿ, ಬಿಸಿಲಿಗೆ ಡಾಂಬರು ಹೊಳೆಯುತ್ತಿತ್ತು. ಸಭಾಂಗಣದಲ್ಲಿ ಚಾಲಕರು ಹೆಂಡತಿ ಮಕ್ಕಳ ಸಮೇತ ಕೂತಿದ್ದರು. ಫ್ಯಾನುಗಳು ತಿರುಗುತ್ತಿದ್ದರೂ ಗಾಳಿ ಮಾತ್ರ ಇರಲಿಲ್ಲ. ಶೀನನಿಗೆ ಒಂದು ಶಾಲು ಹೊದಿಸಿ ಮೈಕು ಕೊಟ್ಟರು.

ಒಪ್ಪಬೇಕು, ಅವನಿಗೆ ಕಲೆ ಒಲಿದಿದೆ. ದೋಣಿ ಮಗುಚಿದ್ದು, ಪೆಟ್ಟಿಗೆ ತಬ್ಬಿದ್ದು, ಅಲೆಗೊಂದು ಬೈಗುಳ. ಯಮನ ಬಾಗಿಲಿಗೆ ಹೋದನಂತೆ. "ಅಂವ ಹೆಸ್ರ್ ಕೇಂಡ. ಬಂಗುಡೆ ಅಂದೆ. ಮೀನಿನ್ ಇಲಾಖಿ ಬೇರೆ ಉಂಟ್, ಅಲ್ಲಿಗ್ ಹೋಗ್ ಅಂದ!" ಗಂಡಸರು ಕುರ್ಚಿಯಿಂದ ಜಾರಿದರು. ಆಮೇಲೆ ಅವನು ಆ ಶಾಲನ್ನೇ ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಗುಲಾಬಿಯಂತೆ ಎದೆ ಬಡಿದುಕೊಂಡ, ಗುಲಾಬಿಯಂತೆ ಬಿಕ್ಕಿದ, ಮೈಕಿಗೆ ಬಾಯಿ ತೆರೆದ, ಮುಚ್ಚಿದ, ತೆರೆದ. ಹುಡುಗರು ಶಿಳ್ಳೆ ಹೊಡೆದರು. ಅವಳು ಅತ್ತದ್ದು ಹಾಗೆಯೇ, ಒಂದು ಕೂದಲೂ ಆಚೀಚೆ ಇರಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ತಡೆಯಲಾರದೆ, ಅಷ್ಟು ನಗು ಯಾಕೆ ಬಂತಮ್ಮ ಎಂದು ಕೇಳಿದೆ. ಅವರು ಮಗ್ಗುಲಿಗೆ ಬಾಗಿ, "ನಂಗೂ ನಮ್ಮನಿಯವ್ರ ಹೆಸ್ರ್ ಹೇಳುಕಾತಿಲ್ಲೆ ಮಗ. ಆಸ್ಪತ್ರೆಲಿ ಕೇಂಡಾಗ ಹಿಂಗೇ ಬಾಯ್ ಬಿಟ್ಕಂಡ್ ನಿಂತಿದ್ದೆ. ನನ್ ಪುಣ್ಯ, ಅಲ್ ಟೀವಿಯೋರ್ ಇರ್ಲಿಲ್ಲೆ" ಎಂದರು. ಹೇಳಿ ಮತ್ತೆ ನಕ್ಕರು. ತಾನು ಸಿಕ್ಕಿಬೀಳಲಿಲ್ಲ ಎಂಬ ಸಮಾಧಾನಕ್ಕೂ ಮನುಷ್ಯ ನಗುತ್ತಾನೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಿಂದಿರುಗುವಾಗ ತೆಕ್ಕಟ್ಟೆಯಲ್ಲಿ ಇಳಿದು ಊಟ ಮಾಡಿದೆವು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಹುರಿದ ಕಾಣೆ ಮೀನು. ಸಾರು ಬಹಳ ಚೆನ್ನಾಗಿತ್ತು, ಬಾಳೆಎಲೆಯನ್ನು ಬಳಿದು ತಿಂದೆ. ಬಡಿಸುವವನು ಶೀನನನ್ನು ಗುರುತಿಸಿ, "ಇವತ್ ನಿಮ್ದೇ ಸಾರ್ ಮಾಡದ್ದ್" ಎಂದ. ಶೀನ ಹಲ್ಲು ಕಿರಿದ. ಬಡಿಸುವವನು ಆಚೆ ಹೋದ ಮೇಲೆ ನಾನು ಕೇಳಿದೆ: "ಲೇ ಶೀನ, ಗುಲಾಬಿಗೆ ಇದು ನಗು ತರ್ತದೇನು?"

"ಅವ್ಳಿಗ್ ಕುಶಾಲ್ ಅರ್ಥ ಆತಿಲ್ಲೆ. ನಾ ಬದ್ಕಿ ಬಂದಿದ್ದೆ ಅಲ್ದಾ? ಮತ್ತೆಂತಕ್ ಮರ್ಕುದ್?" ಅಳುವುದಕ್ಕೆ ಅವರ ಕಡೆ ಮರ್ಕುವುದು ಎನ್ನುತ್ತಾರೆ.

"ನೀ ಸಮುದ್ರಕ್ಕ ಹೋಗದ ಎಷ್ಟು ದಿನ ಆತು?"

ಅವನು ಮೀನಿನ ಮುಳ್ಳನ್ನು ಎಲೆಯ ಅಂಚಿಗೆ ಸಾಲಾಗಿ ಇಡುತ್ತಾ ಕೂತ. ಕಡೆಗೆ ತಲೆ ಎತ್ತದೆ, "ನೆಗ್ಯಾಡ್ಸಿರೆ ಯಾರೂ ಬೇರೆಂತದೂ ಕೇಂತಿಲ್ಲೆ. ನೀನೊಬ್ಬ ಕೇಂತೆ" ಎಂದ. ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪವೂ ಅನ್ನಿಸಿತು. ಹೆದರಿಕೆ ಅವನದು, ಅದನ್ನು ಮುಚ್ಚಲು ತೆಗೆದುಕೊಂಡ ಬಟ್ಟೆ ಹೆಂಡತಿಯದು. "ನಾಳಿ ಅವಳ ಮುಂದ ಕುಶಾಲು ಬ್ಯಾಡ. ಹೆದರಿಕಿ ಆಗೇದ ಅಂತ ಹೇಳು, ಸಾಕು" ಎಂದೆ. ಹೂಂ ಎಂದ. ಮಕ್ಕಳ ಹಾಗೆ ನನ್ನ ಕೈ ಮುಟ್ಟಿ ಆಣೆಯನ್ನೂ ಹಾಕಿದ.

ಮೂರನೆಯ ದಿನ ಬೈಂದೂರಿಗೆ ಹೊರಟೆವು. ಕುಂದಾಪುರದಿಂದ ಉತ್ತರಕ್ಕೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಶೀನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹೆಗಲಿಗೆ ಹೊಸ ಬೈರಾಸು, ಅಂದರೆ ಟವೆಲು, ಇಳಿಬಿಟ್ಟಿದ್ದ. ಗುಲಾಬಿಗೆಂದು ಒಂದು ಮೊಳ ಮಲ್ಲಿಗೆ ಕೊಂಡು ಎಲೆಯಲ್ಲಿ ಕಟ್ಟಿಸಿಕೊಂಡ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಬಸ್ಸಿನಲ್ಲಿದ್ದ ಯಾತ್ರಿಕರೆಲ್ಲ ಕಡಲಿನ ಕಿಟಕಿಗೆ ಮುಗಿಬಿದ್ದು ಫೋನ್ ಎತ್ತಿದರು. ಶೀನ ಹೊಳೆಯ ಕಡೆ ಮುಖ ತಿರುಗಿಸಿಕೊಂಡು ಕೂತ. ಅವತ್ತು ಮಾತ್ರ ಅವನು ದಾರಿಯುದ್ದಕ್ಕೂ ಒಂದೂ ಕುಶಾಲು ಹೇಳಲಿಲ್ಲ, ನನಗೆ ಸ್ವಲ್ಪ ಆಸೆ ಹುಟ್ಟಿತು.

ಗುಲಾಬಿಯ ತವರು ಕಡಲಿನ ಬದಿಗೇ ಇದೆ. ಅಂಗಳದಲ್ಲಿ ಹಳೇ ಬಲೆ ಹಾಸಿ ಮೀನು ಒಣಹಾಕಿದ್ದಳು, ಕಾಗೆ ಓಡಿಸುತ್ತ ಕೋಲು ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಅಣ್ಣ ಬಂದ್ರ್ಯಾ! ಬನಿ, ಕೂಕಣಿ. ಆಸ್ರಿಗ್ ಎಂತ ಕೊಡುದ್?" ಎಂದು ಓಡಾಡಿದಳು. ಗಂಡನಿಗೂ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು, ಅವನ ಕಡೆ ನೋಡಲಿಲ್ಲ. ಮಲ್ಲಿಗೆಯ ಪೊಟ್ಟಣವನ್ನು ಅವನು ಜಗಲಿಯಲ್ಲಿ ಇಟ್ಟ, ಅದು ಅಲ್ಲಿಯೇ ಇತ್ತು. ಅವಳ ತಮ್ಮ ಗಣಪ ಚಹಾದ ಲೋಟ ಹಿಡಿದು ಕಂಬಕ್ಕೆ ಒರಗಿ ಕೂತ.

ನಾನು ಸುತ್ತಿಬಳಸಲಿಲ್ಲ. "ಮನೀಗೆ ನಡಿಯವ್ವಾ. ಊರವರ ನಗಿಗೆ ಮನಿ ಬಿಡತಾರೇನು?" ಎಂದೆ.

"ಊರೋರ್ ನೆಗ್ಯಾಡದ್ದಕ್ ನಂಗೆ ಬೇಜಾರಿಲ್ಲೆ ಅಣ್ಣ. ಪೇಟಿಲಿ ಮೀನ್ ಮಾರೂ ಹೊತ್ತಿಗೆ ದಿನಾ ಕೇಂತಿದ್ರ್, ಗಂಡನ್ ಹೆಸ್ರ್ ನೆಂಪಾಯ್ತಾ ಅಂದೇಳಿ. ನಿಮ್ ಹೆಂಡ್ತಿ ಹತ್ರ ಕೇಣಿ ಅಂತಿದ್ದೆ. ಅವ್ರ್ ಕಂಡದ್ದೇ ಅಷ್ಟ್, ಅಷ್ಟಕ್ ನೆಗ್ಯಾಡ್ತ್ರ್." ಅವಳು ಕೋಲಿನಿಂದ ಒಂದು ಮೀನನ್ನು ಮಗುಚಿದಳು. "ಅವತ್ ಹೆಸ್ರ್ ಬಾಯಿಂದ ಬಿದ್ರೆ ಇವ್ರ್ ತಿರ್ಗಿ ಬತ್ತಿಲ್ಲೆ ಅಂದೇಳಿ ಹಲ್ ಕಚ್ಕಂಡ್ ಕೂಕಂಡಿದ್ದೆ. ಬಂದ್ರ್. ಬಂದೋರ್ ಎಂತ ಮಾಡ್ರ್? ನಾ ಮರ್ಕದ್ದನ್ನ ಫೋನಲ್ ಕಂಡ್ ಕಲ್ತ್ರ್. ಕನ್ನಡಿ ಎದ್ರ್ ನಿಂತ್ ಕಲ್ತ್ರ್ ಅಣ್ಣ. ನಾ ಒಳ್ಗಿಂದ ಕಾಣ್ತಿದ್ದೆ."

ಕನ್ನಡಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಶೀನನ ಬೆನ್ನಿಗೆ ಕೈ ಇಟ್ಟು ಹೇಳು ಎಂದು ತಳ್ಳಿದೆ. ಅವನು ಎದ್ದ. ಅಂಗಳಕ್ಕೆ ಇಳಿದು ಅವಳೆದುರು ನಿಂತ. ಹಿಂದೆ ಕಡಲು ಸದ್ದು ಮಾಡುತ್ತಿತ್ತು. ಅವನು ಒಮ್ಮೆ ಆ ಕಡೆ ನೋಡಿದ. ಹೇಳುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಅವನ ಮುಖದ ಮೇಲೆ ಆ ಹಾಳು ನಗೆ ಬಂತು. ಬೈರಾಸನ್ನು ತಲೆಗೆ ಎಳೆದುಕೊಂಡು, ಸೊಂಟ ಬಾಗಿಸಿ, "ಹ್ವಾಯ್ ಗಣಪ, ನಾ ಯಾರಂದೇಳಿ ನೀವಾದ್ರೂ ಇವ್ಳಿಗ್ ಹೇಳಿ" ಎಂದು ಗುಲಾಬಿಯ ದನಿಯಲ್ಲಿ ಬಿಕ್ಕಿದ.

ಗಣಪನ ಬಾಯಿಂದ ಚಹಾ ಚಿಮ್ಮಿತು. ಪಾಪ, ಅವನು ತಡೆಯಲು ನೋಡಿದ, ಆಗಲಿಲ್ಲ, ಕೆಮ್ಮುತ್ತ ನಕ್ಕ. ಅಕ್ಕನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ.

ಗುಲಾಬಿ ಕೋಲು ಕೆಳಗಿಟ್ಟಳು. ಗಂಡನ ಮುಖವನ್ನು ನೇರವಾಗಿ ನೋಡಿದಳು.

"ಶ್ರೀನಿವಾಸ" ಎಂದಳು. ಆಸ್ಪತ್ರೆಯಲ್ಲಿ ಮುಂದಿನ ರೋಗಿಯನ್ನು ಕರೆದ ಹಾಗಿತ್ತು, ಸಿಟ್ಟೂ ಇರಲಿಲ್ಲ, ಏರಿಳಿತವೂ ಇರಲಿಲ್ಲ. "ಶ್ರೀನಿವಾಸ, ನೀನ್ ಇನ್ ಹೋಗ್."

ಕಾಗೆಗಳು ಮೀನಿಗೆ ಎರಗಿದವು, ಯಾರೂ ಓಡಿಸಲಿಲ್ಲ. ಗಣಪ ಲೋಟ ಹಿಡಿದು ತಲೆ ತಗ್ಗಿಸಿದ್ದ. ಶೀನ ಬೈರಾಸನ್ನು ತಲೆಯಿಂದ ತೆಗೆಯುವುದನ್ನೂ ಮರೆತು ನಿಂತಿದ್ದ. ಅವಳು ನನ್ನ ಕಡೆ ತಿರುಗಿ, "ಅಣ್ಣ, ನೀವ್ ಉಂಡ್ಕಂಡೇ ಹೋಯ್ಕ್" ಎಂದು ಒಳಗೆ ಹೋದಳು. ನಾನು ಉಣ್ಣಲಿಲ್ಲ. ಅವಳ ಮನೆಯ ಅನ್ನಕ್ಕೆ ಬೆನ್ನು ಹಾಕಿ ಬಂದದ್ದು ಅದೇ ಮೊದಲು, ಈಗಲೂ ಕೊರೆಯುತ್ತದೆ.

ಬಸ್ ನಿಲ್ದಾಣದವರೆಗೆ ಶೀನ ನನ್ನ ಹಿಂದೆ ಹಿಂದೆ ನಡೆದ. ನಾನು ಕುಂದಾಪುರಕ್ಕೆ ವಾಪಸು ಹೋಗುವುದಿಲ್ಲ, ಕೊಲ್ಲೂರಿನ ಮೇಲೆ ಘಟ್ಟ ಹತ್ತುತ್ತೇನೆ ಎಂದೆ. ಬಸ್ಸು ನಿಂತೇ ಇತ್ತು. ನಾನು ಹತ್ತಿ ಕಿಟಕಿಯ ಬದಿ ಕೂತೆ. ಅವನು ಕೆಳಗೆ ಚಹಾದಂಗಡಿಯ ಎದುರು ನಿಂತ. ಅಲ್ಲಿ ಬೆಂಚಿನ ಮೇಲೆ ಕೂತಿದ್ದ ನಾಲ್ಕಾರು ಜನ ಅವನನ್ನು ಗುರುತು ಹಿಡಿದರು.

"ಹ್ವಾಯ್, ಬಂಗುಡೆ ಶೀನ ಅಲ್ದಾ? ಒಂದ್ ಕುಶಾಲ್ ಹೇಳಿ ಮಾರ್ರೆ!"

ಅವನು ಹೇಳತೊಡಗಿದ. ದೇವರಾಣೆ, ಹೇಳತೊಡಗಿದ! ನಾನು ಕಿಟಕಿಯ ಸರಳಿಗೆ ಹಣೆ ಒತ್ತಿ ಕೇಳುತ್ತಿದ್ದೆ. ದೋಣಿ ಬಂತು, ಯಮ ಬಂದ, ಬೆಂಚಿನವರು ಹೊಟ್ಟೆ ಹಿಡಿದುಕೊಂಡರು. "ಇದ್ ಹಳೇದಾಯ್ತ್, ಹೊಸ್ದ್ ಕೇಣಿ. ಈಗಷ್ಟೇ ಹೆಂಡ್ತಿ ಮನಿಯಿಂದ ಬಂದೆ. ಇಷ್ಟ್ ವರ್ಷಕ್ಕೆ ಇವತ್ ಅವ್ಳ್ ನನ್ ಹೆಸ್ರ್ ಹೇಳ್ಳ್!" ಎಂದ. ಎಲ್ಲರೂ ಮುಂದಕ್ಕೆ ಬಾಗಿದರು. "ಎಂತ ಅಂದೇಳಿ ಕರ್ದ್ಳ್?" ಎಂದು ಒಬ್ಬ ಕೇಳಿದ.

ಶೀನ ಬಾಯಿ ತೆರೆದ. ಶಬ್ದ ಬರಲಿಲ್ಲ. ಮುಚ್ಚಿದ, ಮತ್ತೆ ತೆರೆದ. ಕಣ್ಣು ಎಲ್ಲೋ ನೆಟ್ಟಿತ್ತು. ಅವನು ಹೆಂಡತಿಯ ನಕಲು ಮಾಡುತ್ತಿದ್ದಾನೆಂದು ಬೆಂಚಿನವರು ತಿಳಿದರು. ಅದುವರೆಗೆ ನಗದಿದ್ದ ಅಂಗಡಿಯವನು ಕೂಡ ಸೌಟು ಬಿಟ್ಟು ಗೋಡೆಗೆ ಒರಗಿ ನಕ್ಕ. ಒಬ್ಬ ಶೀನನ ಬೆನ್ನಿಗೆ ಗುದ್ದಿ, "ಏ ಸಾಕ್ ಮಾರಾಯ, ಕರುಳ್ ಹರಿತ್ತ್!" ಎಂದ.

ಬಸ್ಸು ಹೊರಟಿತು. ತಿರುವಿನವರೆಗೂ ಹಿಂದಕ್ಕೆ ನೋಡುತ್ತಿದ್ದೆ. ಅವರು ಇನ್ನೂ ನಗುತ್ತಿದ್ದರು, ಅವನು ಇನ್ನೂ ಬಾಯಿ ತೆರೆದುಕೊಂಡೇ ನಿಂತಿದ್ದ.